ಮಗು ಕಕ್ಕ ತಡೆಹಿಡಿದಾಗ: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳಿಗೆ ಮೂರು ತುಂಬುವ ಹೊತ್ತಿಗೆ ಟಾಯ್ಲೆಟ್ ಅಭ್ಯಾಸ ಚೆನ್ನಾಗಿಯೇ ಆಗಿತ್ತು. ಆಮೇಲೆ ಒಂದು ಜ್ವರ ಬಂತು. ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ಐದನೇ ದಿನ ಕಲ್ಲಿನಂಥ ಕಕ್ಕ ಬಂತು, ಜೊತೆಗೆ ಎರಡು ಹನಿ ರಕ್ತ. ಅಲ್ಲಿಂದ ಶುರುವಾದದ್ದು ಸರಿಹೋಗಲು ಒಂದೂವರೆ ವರ್ಷ ಹಿಡಿಯಿತು. ಆ ದಿನಗಳಲ್ಲಿ ಕೆಲವನ್ನು ಮಕ್ಕಳ ಡಾಕ್ಟರರಿಂದ ಕಲಿತೆ, ಕೆಲವನ್ನು ತಪ್ಪು ಮಾಡಿ ಕಲಿತೆ. ಈಗ ಶಾಲೆಯ ಗೇಟಿನ ಹತ್ತಿರವೋ ಮದುವೆ ಮನೆಯಲ್ಲೋ ಯಾರಾದರೂ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಇದನ್ನೇ ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಔಷಧಿಯ ಅಳತೆ ಎಲ್ಲೂ ಬರೆದಿಲ್ಲ. ಅದನ್ನು ಮಗುವಿನ ತೂಕ ನೋಡಿ ಡಾಕ್ಟರೇ ಹೇಳಬೇಕು.

## ಮೊದಲು ಕೇಳುವ ಪ್ರಶ್ನೆಗಳು

ಎರಡು ದಿನಕ್ಕೊಮ್ಮೆ ಹೋಗ್ತಾನೆ. ಇದು ಮಲಬದ್ಧತೆನಾ?

ಎಷ್ಟು ದಿನಕ್ಕೊಮ್ಮೆ ಅನ್ನುವುದಕ್ಕಿಂತ ಹೇಗೆ ಬರುತ್ತೆ ಅನ್ನುವುದು ಮುಖ್ಯ. ಎರಡು ದಿನಕ್ಕೊಮ್ಮೆ ಹೋದರೂ ಮೆತ್ತಗೆ, ನೋವಿಲ್ಲದೆ ಬರುತ್ತಿದ್ದರೆ ಚಿಂತೆ ಇಲ್ಲ. ದಿನಾ ಹೋದರೂ ಕುರಿ ಹಿಕ್ಕೆಯ ಹಾಗೆ ಉಂಡೆ ಉಂಡೆ ಬೀಳುತ್ತಿದ್ದರೆ ಅದು ಮಲಬದ್ಧತೆಯೇ. ಡಾಕ್ಟರುಗಳು ಬ್ರಿಸ್ಟಲ್ ಚಾರ್ಟ್ ಅಂತ 7 ಚಿತ್ರಗಳ ಒಂದು ಪಟ್ಟಿ ತೋರಿಸುತ್ತಾರೆ. ಅದರಲ್ಲಿ 1 ಅಂದರೆ ಹಿಕ್ಕೆ, 7 ಅಂದರೆ ಪೂರಾ ನೀರು. ಮಕ್ಕಳಿಗೆ 4ರ ಆಸುಪಾಸು ಇದ್ದರೆ ಒಳ್ಳೆಯದು, ಅಂದರೆ ಬಾಳೆಹಣ್ಣಿನ ಹಾಗೆ ನುಣುಪಾಗಿ.

ವಾರಕ್ಕೆ ಎರಡು ಸಲ ಅಥವಾ ಅದಕ್ಕಿಂತ ಕಡಿಮೆ ಹೋಗುವುದು, ಗಟ್ಟಿಯಾಗಿ ನೋವಿನಿಂದ ಬರುವುದು, ಮಗುವಿನ ಗಾತ್ರಕ್ಕೆ ನಂಬಲಾಗದಷ್ಟು ದಪ್ಪ ಬರುವುದು, ಬೇಕಂತಲೇ ತಡೆಹಿಡಿಯುವುದು. ಇವುಗಳಲ್ಲಿ ಎರಡಾದರೂ ಒಂದು ತಿಂಗಳಿಂದ ಇದ್ದರೆ ಡಾಕ್ಟರಿಗೆ ತೋರಿಸಿ. ಹೆಚ್ಚಿನ ಮಕ್ಕಳಲ್ಲಿ ಇದರ ಹಿಂದೆ ದೊಡ್ಡ ಕಾಯಿಲೆ ಏನೂ ಇರುವುದಿಲ್ಲ.

ಮೂರು ತಿಂಗಳ ಕೂಸು, ಬರೀ ಎದೆಹಾಲು. ಆರು ದಿನ ಆಯ್ತು, ಹೋಗೇ ಇಲ್ಲ!

ಎದೆಹಾಲು ಮಾತ್ರ ಕುಡಿಯುವ ಕೂಸು ಒಂದೂವರೆ ತಿಂಗಳು ದಾಟಿದ ಮೇಲೆ ಹೀಗೆ ವಾರ ತೆಗೆದುಕೊಳ್ಳುವುದುಂಟು. ಹಾಲು ಚೆನ್ನಾಗಿ ಕುಡಿದು, ಉಚ್ಚೆ ಸರಿಯಾಗಿ ಮಾಡಿ, ತೂಕ ಏರುತ್ತಿದ್ದು, ಹೋದಾಗ ಮೆತ್ತಗೆ ಹೋದರೆ ಸುಮ್ನೆ ಬಿಡಿ. ಆರು ತಿಂಗಳವರೆಗೆ ಬೇರೆ ನೀರು ಕೂಡ ಬೇಡ. ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ ಅಥವಾ ಕೂಸು ಹಾಲು ಬಿಟ್ಟರೆ ಮಾತ್ರ ಕಾಯಬೇಡಿ.

ಮುಖ ಕೆಂಪಗೆ ಮಾಡ್ಕೊಂಡು ತಿಣುಕ್ತಾಳೆ, ಆದ್ರೂ ಬರಲ್ಲ. ನೋಡೋಕಾಗಲ್ಲ, ಏನು ಮಾಡ್ಲಿ?

ಒಂದು ಸಲ ಹತ್ತಿರ ಹೋಗಿ ಸರಿಯಾಗಿ ನೋಡಿ. ನನ್ನ ಮಗಳು ಹಾಲ್‌ನ ಕರ್ಟನ್ ಹಿಂದೆ ಹೋಗುತ್ತಿದ್ದಳು. ತುದಿಗಾಲಲ್ಲಿ ನಿಂತು ಕಿಟಕಿಯ ಕಂಬಿ ಹಿಡಿಯುತ್ತಿದ್ದಳು. ಮೊಣಕಾಲು ಮಡಿಸದೆ ಎರಡು ಕಾಲನ್ನೂ ಒಂದಕ್ಕೊಂದು ಒತ್ತಿ, ಕುಂಡಿ ಬಿಗಿಹಿಡಿದು, ಉಸಿರು ಕಟ್ಟಿ ನಿಲ್ಲುತ್ತಿದ್ದಳು. ಹಣೆಯ ಮೇಲೆ ಸಣ್ಣ ಬೆವರು. ಎರಡು ನಿಮಿಷ ಕಳೆದರೆ ಏನೂ ಆಗದವಳ ಹಾಗೆ ಆಟಕ್ಕೆ ವಾಪಸ್. ನಾನು ತಿಂಗಳುಗಟ್ಟಲೆ ಅದನ್ನು ತಿಣುಕುವುದು ಅಂದುಕೊಂಡಿದ್ದೆ. "ಹಾಕು ಪುಟ್ಟಿ, ಇನ್ನೂ ಜೋರಾಗಿ" ಅಂತ ಪಕ್ಕದಲ್ಲಿ ನಿಂತು ಹೇಳುತ್ತಿದ್ದೆ. ಡಾಕ್ಟರ್ ಹೇಳಿದ ಮೇಲೆ ಗೊತ್ತಾಯಿತು, ಅವಳು ಹೊರಗೆ ತಳ್ಳುತ್ತಿರಲಿಲ್ಲ, ಒಳಗೇ ತಡೆಯುತ್ತಿದ್ದಳು.

ಒಂದು ಸಲ ನೋವಾಗುತ್ತೆ. ಮಗು ಮುಂದಿನ ಸಲ ಹೆದರಿ ತಡೆಯುತ್ತೆ. ತಡೆದಷ್ಟೂ ದೊಡ್ಡ ಕರುಳು ಅದರಲ್ಲಿನ ನೀರನ್ನು ಹೀರಿಕೊಳ್ಳುತ್ತೆ, ಕಕ್ಕ ಇನ್ನೂ ದಪ್ಪ, ಇನ್ನೂ ಗಟ್ಟಿ ಆಗುತ್ತೆ. ಕೊನೆಗೆ ಬಂದಾಗ ಮೊದಲಿಗಿಂತ ಜಾಸ್ತಿ ನೋವು. ಮಗುವಿನ ಲೆಕ್ಕದಲ್ಲಿ ಅದರ ಭಯ ನಿಜವಾಯಿತು. ಈ ಸುತ್ತು ಮುರಿಯಬೇಕಾದರೆ ಮೊದಲು ಕಕ್ಕ ಮೆತ್ತಗಾಗಬೇಕು, ಟಾಯ್ಲೆಟ್ ಪಾಠ ಆಮೇಲೆ. ನನ್ನನ್ನು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ಹಠ ಅಲ್ವಾ ಇದು? ಎರಡು ಏಟು ಕೊಟ್ರೆ ಸರಿಹೋಗುತ್ತೆ ಅಂತಾರೆ ಮನೇಲಿ.

ಅಲ್ಲ, ಭಯ. ಏಟು ಕೊಟ್ಟರೆ ಭಯ ಎರಡಾಗುತ್ತೆ, ಕಕ್ಕದ್ದು ಒಂದು, ನಿಮ್ಮದು ಇನ್ನೊಂದು. "ಛೀ, ಗಲೀಜು" ಅನ್ನುವುದನ್ನೂ ಬಿಡಿ. ಅಣ್ಣ ಅಕ್ಕಂದಿರ ಮುಂದೆ, ನೆಂಟರ ಮುಂದೆ ಈ ವಿಷಯ ಎತ್ತಿ ನಗಬೇಡಿ. ಮೂರು ವರ್ಷದ ಮಗುವಿಗೂ ನಾಚಿಕೆ ಇರುತ್ತೆ.

ಕಕ್ಕದ ಮೇಲೆ ಕೆಂಪು ಗೆರೆ ಕಾಣ್ತು. ಮೂಲವ್ಯಾಧಿನಾ?

ಸಣ್ಣ ಮಕ್ಕಳಲ್ಲಿ ಮೂಲವ್ಯಾಧಿ ತೀರಾ ಅಪರೂಪ. ಗಟ್ಟಿ ಕಕ್ಕ ಬರುವಾಗ ಗುದದ್ವಾರದ ಚರ್ಮ ಸೀಳಿ ಹನಿ ರಕ್ತ ಬರುವುದೇ ಹೆಚ್ಚು. ತುಟಿ ಒಡೆದಾಗ ಹೇಗೆ ಉರಿಯುತ್ತೋ ಹಾಗೇ ಇದು. ಟಬ್‌ನಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಕೂರಿಸಿದರೆ ಮಗುವಿಗೆ ಹಾಯೆನಿಸುತ್ತೆ. ಮುಲಾಮನ್ನು ಡಾಕ್ಟರ್ ನೋಡಿ ಕೊಡಲಿ. ಕಕ್ಕ ಮೆತ್ತಗಾಗದೆ ಬರೀ ಮುಲಾಮು ಹಚ್ಚಿದರೆ ಆ ಸೀಳು ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತೆ.

## ಊಟ, ಹಾಲು, ಮನೆಮದ್ದು

ರಾಗಿ ಕೊಡ್ತಾನೇ ಇದ್ದೀನಿ, ಆದ್ರೂ ಗಟ್ಟಿನೇ ಬರುತ್ತಲ್ಲ?

ಯಾವ ರಾಗಿ ಅಂತ ನಾನು ತಿರುಗಿ ಕೇಳುತ್ತೇನೆ. ಹೆಚ್ಚಿನ ಮನೆಗಳಲ್ಲಿ ಮಗುವಿಗೆ ಕೊಡುವುದು ರಾಗಿ ಸರಿ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಿದ ಹಿಟ್ಟು. ಬಟ್ಟೆಯ ಮೇಲೆ ಉಳಿದ ಕಂದು ತೌಡನ್ನು ನಾವು ಬಿಸಾಡುತ್ತೇವಲ್ಲ, ಹೊಟ್ಟೆ ಸಡಿಲ ಮಾಡುವ ನಾರು ಇರುವುದು ಅದರಲ್ಲೇ. ಏಳೆಂಟು ತಿಂಗಳ ಕೂಸಿಗೆ ಜಾಲಿಸಿದ ಹಿಟ್ಟು ಸರಿ. ಎರಡು ವರ್ಷ ದಾಟಿದ ಮಗುವಿಗೆ ಇಡೀ ರಾಗಿ ಹಿಟ್ಟಿನ ಮುದ್ದೆ, ರೊಟ್ಟಿ, ದೋಸೆ ಕೊಡಿ. 100 ಗ್ರಾಂ ಇಡೀ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ ಇದ್ದೇ ಇದೆ, ಪಲ್ಯದ ಜೊತೆ ಸಾರಿನಲ್ಲಿ ನೆನೆಸಿ ಕೊಟ್ಟರೆ ಹಲ್ಲು ಬಂದ ಮಕ್ಕಳು ಚೆನ್ನಾಗಿ ತಿನ್ನುತ್ತವೆ.

ದಿನದಲ್ಲಿ ಉಳಿದ ಹೊತ್ತು ಏನು ಹೋಗುತ್ತಿದೆ ಅನ್ನುವುದನ್ನೂ ನೋಡಿ. ಬೆಳಿಗ್ಗೆ ಬ್ರೆಡ್, ಹತ್ತು ಗಂಟೆಗೆ ಬಿಸ್ಕತ್ತು, ಮಧ್ಯಾಹ್ನ ಬಿಳಿ ಅನ್ನ ಮೊಸರು, ಸಂಜೆ ರಸ್ಕ್, ರಾತ್ರಿ ಮತ್ತೆ ಅನ್ನ ಅಂತಾದರೆ ಒಂದು ಬಟ್ಟಲು ರಾಗಿ ಏನು ಮಾಡೀತು? ಹೆಸರುಕಾಳಿನ ಉಸ್ಲಿ, ಸೊಪ್ಪಿನ ಬಸ್ಸಾರು, ಬೀನ್ಸ್ ಪಲ್ಯ, ಪಪ್ಪಾಯಿ, ಚೆನ್ನಾಗಿ ಹಣ್ಣಾದ ಸೀಬೆ, ಕಿತ್ತಳೆ. ಇವುಗಳಲ್ಲಿ ದಿನಕ್ಕೆ ಎರಡು ಮೂರು ತಟ್ಟೆಗೆ ಬರಲಿ. ಒಣದ್ರಾಕ್ಷಿ ರಾತ್ರಿ ನೆನೆಸಿ ಬೆಳಿಗ್ಗೆ ಕಿವುಚಿ ಕೊಡುವ ಅಜ್ಜಿಯರ ಪದ್ಧತಿ ಒಳ್ಳೆಯದು. ಇಡೀ ದ್ರಾಕ್ಷಿ ಮಾತ್ರ ಸಣ್ಣವರಿಗೆ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತೆ. ಬಾಳೆಹಣ್ಣು ಪೂರಾ ಹಣ್ಣಾಗಿರಲಿ.

ಊಟ ಸೇರಲ್ಲ, ಹಾಲು ಮಾತ್ರ ಎಷ್ಟು ಕೊಟ್ರೂ ಕುಡಿತಾನೆ. ಒಳ್ಳೇದೇ ಅಲ್ವಾ?

ಹಾಲಿನಲ್ಲಿ ನಾರು ಸೊನ್ನೆ. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಧಾರಾಳ ಆಯಿತು. ಅದಕ್ಕಿಂತ ಜಾಸ್ತಿ ಕುಡಿದರೆ ಹೊಟ್ಟೆ ಅದರಲ್ಲೇ ತುಂಬಿ ಊಟ ಸೇರುವುದಿಲ್ಲ. ಕಬ್ಬಿಣದಂಶ ಕಡಿಮೆಯಾಗಿ ರಕ್ತಹೀನತೆಯೂ ಬರುತ್ತೆ. ನಿದ್ದೆಗಣ್ಣಲ್ಲಿ ಬಾಟಲಿ ಕೊಡುವುದನ್ನು ಮೊದಲು ಬಿಡಿಸಿ, ವಾರದೊಳಗೆ ಬೆಳಗಿನ ತಿಂಡಿಗೆ ಹಸಿವಾಗುವುದು ಕಾಣಿಸುತ್ತೆ. ಕೆಲವು ಮಕ್ಕಳಿಗೆ ಹಸುವಿನ ಹಾಲಿನ ಪ್ರೋಟೀನ್ ಒಗ್ಗದೆಯೂ ಮಲಬದ್ಧತೆ ಆಗುತ್ತೆ. ಹಾಗಂತ ನೀವೇ ಹಾಲು ಪೂರಾ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ನೀರು ಜಾಸ್ತಿ ಕುಡಿಸಿದ್ರೆ ಸಾಕಾ?

ನೀರು ಕಡಿಮೆ ಕುಡಿಯುವ ಮಗುವಿಗೆ ಸಾಕಷ್ಟು ಕುಡಿಸಿದರೆ ಉಪಯೋಗ ಇದೆ. ಈಗಾಗಲೇ ಸರಿಯಾಗಿ ಕುಡಿಯುವ ಮಗುವಿಗೆ ಇನ್ನೆರಡು ಲೋಟ ಬಲವಂತ ಮಾಡಿದರೆ ಉಚ್ಚೆ ಹೆಚ್ಚಾಗುತ್ತೆ, ಅಷ್ಟೇ. ಹಾಲು, ಸಾರು, ಹಣ್ಣಿನಲ್ಲಿರುವ ನೀರು ಎಲ್ಲ ಸೇರಿ 1ರಿಂದ 3 ವರ್ಷದವರಿಗೆ ದಿನಕ್ಕೆ ಸುಮಾರು 1.3 ಲೀಟರ್, 4ರಿಂದ 8 ವರ್ಷದವರಿಗೆ 1.7 ಲೀಟರ್. ಬೇಸಿಗೆಯಲ್ಲಿ ಸ್ವಲ್ಪ ಜಾಸ್ತಿ.

ಉಷ್ಣ ಆಗಿದೆ, ಹರಳೆಣ್ಣೆ ಕುಡಿಸು ಅಂತಾರೆ ಅತ್ತೆ. ವೀಳ್ಯದೆಲೆ ತೊಟ್ಟು ಇಟ್ರೆ ತಕ್ಷಣ ಹೋಗುತ್ತಂತೆ?

ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಅವರ ಕಾಲದಲ್ಲಿ ಬೇರೆ ಏನೂ ಕೈಗೆ ಸಿಗುತ್ತಿರಲಿಲ್ಲ. ಆದರೆ ಈ ಎರಡೂ ಬೇಡ. ಹರಳೆಣ್ಣೆ ಕರುಳನ್ನು ಹಿಂಡಿ ಹೊರಹಾಕಿಸುತ್ತೆ. ಹೊಟ್ಟೆನೋವು, ಭೇದಿ, ಮೈಯ ನೀರು ಕಡಿಮೆಯಾಗುವುದು ಎಲ್ಲ ಆಗಬಹುದು. ಮೂಗು ಹಿಡಿದು, ಅಳುವ ಬಾಯಿಗೆ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ.

ತೊಟ್ಟಾಗಲಿ ಸೋಪಿನ ಚೂರಾಗಲಿ ಒಳಗೆ ಇಟ್ಟರೆ ಆ ಹೊತ್ತಿಗೆ ಹೋಗಬಹುದು. ಆದರೆ ಸೀಳಿದ ಚರ್ಮಕ್ಕೆ ಅದು ಇನ್ನೂ ಗಾಯ, ಉರಿ. ನಮ್ಮ ಮನೆಯಲ್ಲೂ ಒಂದು ಸಲ ತೊಟ್ಟು ಇಟ್ಟೆವು. ಅಂದು ಕಕ್ಕ ಬಂತು. ಆಮೇಲೆ ಎರಡು ವಾರ ಮಗಳು ಚಡ್ಡಿ ಬಿಚ್ಚಲು ಬಂದರೆ ಸಾಕು ಕಿರುಚುತ್ತಿದ್ದಳು. ಹಿರಿಯರ ಜೊತೆ ವಾದಕ್ಕೆ ಇಳಿಯುವ ಬದಲು ಒಂದು ಸಲ ಅವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನನ್ನ ಅತ್ತೆ ಅಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಮೇಲೆ ಔಷಧಿಯ ಹೊತ್ತು ತಪ್ಪದಂತೆ ಅವರೇ ನೋಡಿಕೊಂಡರು.

## ಕೂರಿಸುವುದು, ಕಲಿಸುವುದು

ಎಷ್ಟು ಹೊತ್ತಿಗೆ ಕೂರಿಸಬೇಕು, ಎಷ್ಟು ಹೊತ್ತು?

ಹೊಟ್ಟೆಗೆ ಊಟ ಬಿದ್ದ ಕೂಡಲೇ ದೊಡ್ಡ ಕರುಳು ತಾನಾಗೇ ಚುರುಕಾಗುತ್ತೆ. ಅದಕ್ಕೇ ತಿಂಡಿ, ಊಟ ಆಗಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಕೂರಿಸಿ. ಐದು ನಿಮಿಷ ಸಾಕು, ಹತ್ತು ದಾಟಬೇಡಿ. ಬಂದರೂ ಬರದಿದ್ದರೂ ಎಬ್ಬಿಸಿ. "ಕೂತಿದ್ದಕ್ಕೆ ಜಾಣೆ" ಅನ್ನಿ. ಸ್ಟಿಕರ್ ಅಂಟಿಸುವುದಾದರೆ ಅದೂ ಕೂತಿದ್ದಕ್ಕೇ ಇರಲಿ. ಕಕ್ಕ ಬರುವುದು ಮಗುವಿನ ಕೈಯಲ್ಲಿಲ್ಲ, ಕೂರುವುದು ಅದರ ಕೈಯಲ್ಲಿದೆ.

ಕಮೋಡ್ ಇರುವ ಮನೆಯಲ್ಲಿ ಕಾಲು ಜೋತಾಡಬಾರದು. ಮಕ್ಕಳ ಸೀಟು ಹಾಕಿ, ಕಾಲ ಕೆಳಗೆ ಏನಾದರೂ ಇಡಿ. ನಾವು ಅಡುಗೆಮನೆಯ ಹಳೇ ಮಣೆಯ ಮೇಲೆ ಇನ್ನೊಂದು ಮಣೆ ಇಟ್ಟು ಹಗ್ಗದಿಂದ ಬಿಗಿದೆವು. ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲೆ ಬಂದರೆ ಕುಕ್ಕರಗಾಲಲ್ಲಿ ಕೂತ ಹಾಗಾಗುತ್ತೆ, ದಾರಿ ಸಡಿಲ ಆಗುತ್ತೆ. ಕೈಗೆ ಒಂದು ಪೀಪಿಯೋ ಸೋಪಿನ ಗುಳ್ಳೆ ಊದುವ ಕಡ್ಡಿಯೋ ಕೊಡಿ. ಊದುವಾಗ ಹೊಟ್ಟೆ ಒತ್ತುತ್ತೆ, ಕೆಳಗೆ ಬಿಗಿ ಬಿಡುತ್ತೆ. "ತಿಣುಕು" ಅಂತ ಹೇಳುವುದಕ್ಕಿಂತ ಇದು ಸಾವಿರ ಪಾಲು ಮೇಲು. ಮೊಬೈಲ್ ಬೇಡ, ಅದು ಕೈಗೆ ಬಂದರೆ ಮಗು ಯಾಕೆ ಕೂತಿದ್ದೀನಿ ಅನ್ನುವುದನ್ನೇ ಮರೆಯುತ್ತೆ.

ಮನೇಲಿ ಇಂಡಿಯನ್ ಟಾಯ್ಲೆಟ್. ಒಳಗೆ ಬಿದ್ದುಬಿಡ್ತೀನಿ ಅಂತ ಹೆದರ್ತಾನೆ.

ಅವನ ಮಾತು ಸರಿ. ಅದರ ಅಗಲ ದೊಡ್ಡವರ ಕಾಲಿಗೆ ಹೊಂದುವಂಥದ್ದು. ನಾಲ್ಕು ವರ್ಷದವರೆಗೆ ಪಕ್ಕದಲ್ಲೇ ನೆಲದ ಮೇಲೆ ಪಾಟಿ, ಅಂದರೆ ಮಕ್ಕಳು ಕೂರುವ ಪುಟ್ಟ ಕಮೋಡ್ ಇಡಿ. ನಮ್ಮ ಕಡೆ ಕೂಸುಗಳನ್ನು ಅಮ್ಮ ತನ್ನ ಎರಡು ಪಾದಗಳ ಮೇಲೆ ಕೂರಿಸಿಕೊಳ್ಳುವ ರೂಢಿ ಇದೆಯಲ್ಲ, ಅದೇ ಒಳ್ಳೆಯ ಶುರು. ಬೆನ್ನಿಗೆ ಆಸರೆ, ಮೊಣಕಾಲು ಮೇಲೆ, ಅಮ್ಮನ ಮುಖ ಹತ್ತಿರ. ಫ್ಲಶ್ ಸದ್ದಿಗೂ ತುಂಬ ಮಕ್ಕಳು ಬೆಚ್ಚುತ್ತವೆ. ಮಗು ಹೊರಗೆ ಬಂದ ಮೇಲೆ ನೀರು ಹಾಕಿ.

ಸುಸ್ಸು ಟಾಯ್ಲೆಟ್‌ನಲ್ಲೇ ಮಾಡ್ತಾಳೆ. ಕಕ್ಕಕ್ಕೆ ಮಾತ್ರ ಡೈಪರ್ ಬೇಕು ಅಂತ ಅಳ್ತಾಳೆ.

ಕೊಡಿ. ಡೈಪರ್ ಕಿತ್ತುಕೊಂಡರೆ ಅವಳು ತಡೆಹಿಡಿಯುತ್ತಾಳೆ, ಕಕ್ಕ ಗಟ್ಟಿಯಾಗುತ್ತೆ. ಅದಕ್ಕಿಂತ ಡೈಪರ್‌ನಲ್ಲಿ ಮೆತ್ತಗೆ ಹೋಗುವುದು ಸಾವಿರ ಸಲ ವಾಸಿ. ಆಮೇಲೆ ಜಾಗವನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ. ಮೊದಲ ವಾರ ಡೈಪರ್ ಹಾಕಿಕೊಂಡು ಬಚ್ಚಲಲ್ಲಿ ನಿಂತು ಮಾಡಲಿ. ಆಮೇಲೆ ಡೈಪರ್ ಹಾಕಿಕೊಂಡೇ ಪಾಟಿ ಮೇಲೆ ಕೂರಲಿ. ಅದು ಒಗ್ಗಿದ ಮೇಲೆ ಡೈಪರ್ ಸಡಿಲ ಕಟ್ಟಿ, ಇನ್ನೂ ಮುಂದಕ್ಕೆ ಕೆಳಗೆ ಕತ್ತರಿಯಿಂದ ಒಂದು ತೂತು ಮಾಡಿ. ಒಂದೊಂದು ಮೆಟ್ಟಿಲಿಗೂ ಒಂದು ವಾರ, ಎರಡು ವಾರ ಹಿಡಿದರೂ ಪರವಾಗಿಲ್ಲ. ಅತ್ತರೆ ಹಿಂದಿನ ಮೆಟ್ಟಿಲಿಗೆ ಹೋಗಿ.

ಎಲ್ಲಾ ಕಲಿತಿದ್ದ. ತಮ್ಮ ಹುಟ್ಟಿದ ಮೇಲೆ ಮತ್ತೆ ಚಡ್ಡಿಯಲ್ಲೇ ಮಾಡ್ತಾನೆ.

ತಮ್ಮ ತಂಗಿ ಹುಟ್ಟುವುದು, ಮನೆ ಬದಲಾಯಿಸುವುದು, ಅಮ್ಮ ಕೆಲಸಕ್ಕೆ ವಾಪಸ್ ಹೋಗುವುದು, ಆಸ್ಪತ್ರೆಯಲ್ಲಿ ನಾಲ್ಕು ದಿನ ಇರುವುದು. ಇವೆಲ್ಲ ಆದ ಮೇಲೆ ಹೀಗೆ ಹಿಂದೆ ಬೀಳುವುದು ತುಂಬಾ ಸಾಮಾನ್ಯ. ಕಲಿತದ್ದು ಎಲ್ಲೂ ಹೋಗಿರುವುದಿಲ್ಲ. ಮುಖ ಸಿಂಡರಿಸದೆ ಚಡ್ಡಿ ಬದಲಿಸಿ. ಕೂಸು ಮಲಗಿರುವಾಗ ದಿನಕ್ಕೆ ಹದಿನೈದು ನಿಮಿಷ ಅವನ ಜೊತೆ ಮಾತ್ರ ಇರಿ. "ನೀನು ಈಗ ಅಣ್ಣ, ಹೀಗೆ ಮಾಡ್ಬಾರ್ದು" ಅನ್ನುವ ಮಾತು ಬೇಡ, ಅವನಿಗೆ ಅಣ್ಣ ಆಗಿದ್ದೇ ಕಷ್ಟ ಆಗಿರುತ್ತೆ. ಅದರ ಜೊತೆಗೇ ಕಕ್ಕ ಗಟ್ಟಿಯಾಗಿದೆಯಾ ಅಂತ ಕಣ್ಣಿಡಿ.

ಸ್ಕೂಲಲ್ಲಿ ಹೋಗಲ್ಲ, ಸಂಜೆವರೆಗೂ ಹಿಡ್ಕೊಂಡಿರ್ತಾನೆ.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಇದೇ ಮಾತು ಸುತ್ತ ಕೇಳಿಬರುತ್ತೆ. ಬಾಗಿಲಿಗೆ ಚಿಲಕ ಇಲ್ಲ, ನೀರಿಲ್ಲ, ತೊಳೆಯುವವರು ಯಾರು ಅಂತ ಗೊತ್ತಿಲ್ಲ. ಮಗು ತಡೆಯದೆ ಏನು ಮಾಡೀತು? ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಎಬ್ಬಿಸಿ, ತಿಂಡಿ ಆದ ಮೇಲೆ ಮನೆಯಲ್ಲೇ ಕೂರಲು ಸಮಯ ಮಾಡಿ. ವ್ಯಾನ್ ಹಾರ್ನ್ ಹೊಡೆಯುವಾಗ ಯಾವ ಮಗುವಿಗೂ ಬರುವುದಿಲ್ಲ. ಟೀಚರ್ ಹತ್ತಿರ ಮಾತಾಡಿ, ಸಹಾಯ ಮಾಡುವ ಆಯಾ ಯಾರು ಅಂತ ಮಗುವಿಗೆ ತೋರಿಸಿ, ಅವರ ಹೆಸರು ಹೇಳಿಕೊಡಿ. ಬ್ಯಾಗಿನಲ್ಲಿ ಎರಡು ಚಡ್ಡಿ ಇರಲಿ. ನನ್ನ ಮಗಳು ಹೋಗುತ್ತಿದ್ದ ಪ್ಲೇಸ್ಕೂಲಿನಲ್ಲಿ ಒಂದು ದಿನ ಅವಳ ಚಡ್ಡಿಯನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಬೇರೆ ಮಕ್ಕಳ ಮುಂದೆಯೇ ಅವಳ ಕೈಗೆ ಕೊಟ್ಟಿದ್ದರು. ಮನೆಗೆ ಬಂದವಳು ಕವರನ್ನು ಮಂಚದ ಕೆಳಗೆ ಬಚ್ಚಿಟ್ಟಳು. ಮಾರನೇ ದಿನ ನಾನು ಹೋಗಿ ಮಾತಾಡಿದೆ. ನೀವೂ ಸಂಕೋಚ ಬಿಟ್ಟು ಮಾತಾಡಿ.

## ಕಗ್ಗಂಟಾದಾಗ

ದಿನಾ ನಾಲ್ಕೈದು ಸಲ ಚಡ್ಡಿಗೆ ನೀರು ನೀರಾಗಿ ಅಂಟುತ್ತೆ. ಭೇದಿ ನಿಲ್ಲೋ ಔಷಧಿ ಕೊಡ್ಲಾ?

ಕೊಡಬೇಡಿ. ಮೊದಲು ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಲಿ. ವಾರಗಟ್ಟಲೆ ತಡೆದ ಕಕ್ಕ ಒಳಗೆ ದೊಡ್ಡ ಗಡ್ಡೆಯಾಗಿ ಕೂತಿರುತ್ತೆ. ಮೇಲಿನಿಂದ ಬರುವ ತೆಳು ಕಕ್ಕ ಅದರ ಪಕ್ಕದಿಂದ ಜಾರಿ ಸೋರುತ್ತೆ. ಬಂಡೆ ಅಡ್ಡ ಬಿದ್ದ ಹಳ್ಳದಲ್ಲಿ ಸಂದಿಯಿಂದ ನೀರು ಬರುವ ಹಾಗೆ. ಕರುಳಿನ ಕೊನೆ ಹಿಗ್ಗಿ ಹಿಗ್ಗಿ ಅಲ್ಲಿ ಅರಿವೇ ಕಡಿಮೆಯಾಗಿರುತ್ತೆ. ಅದಕ್ಕೇ "ನಂಗೆ ಗೊತ್ತಾಗ್ಲಿಲ್ಲ ಅಮ್ಮ" ಅಂತ ಮಗು ಹೇಳಿದರೆ ಅದು ಸುಳ್ಳಲ್ಲ. ವಾಸನೆಯೂ ಅದಕ್ಕೆ ಅಭ್ಯಾಸವಾಗಿ ಹೋಗಿರುತ್ತೆ.

ಭೇದಿ ನಿಲ್ಲಿಸುವ ಔಷಧಿ ಕೊಟ್ಟರೆ ಆ ಗಡ್ಡೆ ಇನ್ನೂ ಬಿಗಿಯುತ್ತೆ. ಮೊದಲು ಒಳಗಿರುವುದೆಲ್ಲ ಖಾಲಿ ಆಗಬೇಕು. ಇದಕ್ಕೆ ಡಾಕ್ಟರ್ ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ, ಕಕ್ಕ ಮೆತ್ತಗೆ ಮಾಡುವ, ಬಾಯಿಂದ ಕೊಡುವ ಪುಡಿಯನ್ನೇ ಮೂರರಿಂದ ಆರು ದಿನ ಹೆಚ್ಚಿನ ಅಳತೆಯಲ್ಲಿ ಹೇಳುತ್ತಾರೆ. ಎನಿಮಾ ಬೇಕಾಗುವುದು ಕೆಲವರಿಗೆ ಮಾತ್ರ. ಆ ದಿನಗಳಲ್ಲಿ ಸೋರುವುದು ಜಾಸ್ತಿಯಾಗುತ್ತೆ, ಹೆದರಬೇಡಿ. ರಜೆ ನೋಡಿಕೊಂಡು, ಮನೆಯಲ್ಲೇ ಇರುವ ವಾರ ಶುರುಮಾಡಿ.

ಔಷಧಿ ಅಭ್ಯಾಸ ಆಗಿಬಿಡುತ್ತೆ ಅಂತ ಭಯ. ಒಂದು ವಾರ ಕೊಟ್ಟು ನಿಲ್ಲಿಸ್ಬಹುದಾ?

ನಾನು ಮಾಡಿದ ದೊಡ್ಡ ತಪ್ಪು ಇದು. ಹತ್ತು ದಿನ ಕೊಟ್ಟೆ, ಮೆತ್ತಗಾಯಿತು, ನಿಲ್ಲಿಸಿದೆ. ಮೂರು ವಾರಕ್ಕೆ ಮತ್ತೆ ಕಲ್ಲು, ಮತ್ತೆ ರಕ್ತ, ಮತ್ತೆ ಕರ್ಟನ್ ಹಿಂದೆ. ಹೀಗೆ ಮೂರು ಸಲ ಆಯಿತು.

ಪಾಲಿಎಥಿಲೀನ್ ಗ್ಲೈಕಾಲ್ ಮೈಗೆ ಹೆಚ್ಚೇನೂ ಸೇರುವುದಿಲ್ಲ. ಕರುಳಿನಲ್ಲೇ ಇದ್ದು ನೀರು ಹಿಡಿದಿಟ್ಟು ಕಕ್ಕವನ್ನು ಮೆತ್ತಗಿಡುತ್ತೆ. ಲ್ಯಾಕ್ಟುಲೋಸ್ ಸಿರಪ್ ಕೂಡ ನೀರನ್ನೇ ಎಳೆಯುತ್ತೆ, ಸ್ವಲ್ಪ ಗ್ಯಾಸ್ ಜಾಸ್ತಿ. ಇವುಗಳಿಂದ ಕರುಳು ಸೋಮಾರಿ ಆಗುವುದಿಲ್ಲ. ಹಿಗ್ಗಿದ ಕರುಳು ಮೊದಲಿನ ಹಾಗಾಗಲು, ಮಗು ನೋವನ್ನು ಮರೆಯಲು ತಿಂಗಳುಗಳೇ ಬೇಕು. ಮಕ್ಕಳ ಹೊಟ್ಟೆಯ ತಜ್ಞರ ಮಾತು ಹೀಗಿದೆ: ಕಡಿಮೆ ಅಂದರೂ ಎರಡು ತಿಂಗಳು ಕೊಡಬೇಕು, ಎಲ್ಲ ತೊಂದರೆ ನಿಂತು ಒಂದು ತಿಂಗಳಾದರೂ ಆಗಿರಬೇಕು, ಆಮೇಲೆ ನಿಧಾನವಾಗಿ ಇಳಿಸುತ್ತಾ ಬರಬೇಕು. ಟಾಯ್ಲೆಟ್ ಕಲಿಯುತ್ತಿರುವ ಮಗುವಾದರೆ ಅದು ಪೂರ್ತಿ ಕಲಿತ ಮೇಲೆಯೇ ನಿಲ್ಲಿಸಬೇಕು. ಚಿಕಿತ್ಸೆ ತಗೊಂಡ ಮಕ್ಕಳಲ್ಲಿ ಸುಮಾರು ಅರ್ಧದಷ್ಟು 6ರಿಂದ 12 ತಿಂಗಳಲ್ಲಿ ಔಷಧಿಯಿಂದ ಹೊರಬರುತ್ತವೆ. ಉಳಿದವರಿಗೆ ಇನ್ನೂ ಸಮಯ ಬೇಕು.

ರಾತ್ರಿ ಹಾಸಿಗೆ ಒದ್ದೆ, ಹಗಲೂ ಚಡ್ಡಿ ಒದ್ದೆ. ಇದಕ್ಕೂ ಅದಕ್ಕೂ ಸಂಬಂಧ ಇದ್ಯಾ?

ಇದೆ. ತುಂಬಿದ ಕರುಳು ಪಕ್ಕದ ಮೂತ್ರಕೋಶವನ್ನು ಒತ್ತುತ್ತೆ. ಅದರಿಂದ ಪದೇ ಪದೇ ಉಚ್ಚೆ, ಸೋರುವುದು, ಕೆಲವರಿಗೆ ಉರಿಮೂತ್ರದ ಸೋಂಕು ಕೂಡ ಬರುತ್ತೆ. ಎಷ್ಟೋ ಸಲ ಮಲಬದ್ಧತೆ ಸರಿಮಾಡಿದರೆ ಇದೂ ಕಡಿಮೆಯಾಗುತ್ತೆ. ಐದು ವರ್ಷದೊಳಗೆ ರಾತ್ರಿ ಮಾತ್ರ ಹಾಸಿಗೆ ಒದ್ದೆ ಆಗುವುದು ಸಹಜ.

ಯಾವಾಗ ಕಾಯದೆ ಡಾಕ್ಟರ ಹತ್ರ ಓಡಬೇಕು?

ಹೊಟ್ಟೆ ಉಬ್ಬಿ ಹಸಿರು ವಾಂತಿ ಆದರೆ ಅದೇ ಗಳಿಗೆ. ಜ್ವರದ ಜೊತೆ ಹೊಟ್ಟೆ ಉಬ್ಬಿದರೂ ಅಷ್ಟೇ. ಹುಟ್ಟಿದಾಗ ಮೊದಲ ಕಪ್ಪು ಕಕ್ಕ 48 ಗಂಟೆ ದಾಟಿದ ಮೇಲೆ ಬಂದಿದ್ದರೆ, ಅಥವಾ ಮೊದಲ ತಿಂಗಳಿಂದಲೇ ತೊಂದರೆ ಇದ್ದರೆ ಆ ಮಾತನ್ನು ಡಾಕ್ಟರಿಗೆ ಮರೆಯದೆ ಹೇಳಿ. ಕರುಳಿನ ನರಗಳಲ್ಲಿ ಹುಟ್ಟಿನಿಂದ ಇರುವ ಕೊರತೆ ಅದಕ್ಕೆ ಕಾರಣ ಇರಬಹುದು. ಮಗು ತೂಕ ಏರದಿರುವುದು, ಕಾಲಿನಲ್ಲಿ ಬಲ ಇಲ್ಲದಿರುವುದು, ಬೆನ್ನಿನ ಕೆಳಗೆ ಗುಳಿಯೋ ಕೂದಲಿನ ಗೊಂಚಲೋ ಇರುವುದು, ಕಕ್ಕ ಯಾವಾಗಲೂ ದಾರದ ಹಾಗೆ ತೆಳ್ಳಗೆ ಬರುವುದು, ಇವನ್ನೂ ತೋರಿಸಬೇಕು. ಥೈರಾಯ್ಡ್ ಕಡಿಮೆ ಇದ್ದರೂ ಮಲಬದ್ಧತೆ ಆಗುತ್ತೆ, ಅದಕ್ಕೆ ರಕ್ತಪರೀಕ್ಷೆ ಇದೆ. ಕಬ್ಬಿಣದ ಸಿರಪ್ ಕುಡಿಯುವ ಮಗುವಿಗೆ ಕಕ್ಕ ಕಪ್ಪಗೆ ಬಂದರೆ ಅದು ಸಿರಪ್ಪಿನ ಬಣ್ಣ, ಗಾಬರಿ ಬೇಡ.

ಎಲ್ಲಾ ಸರಿಹೋಗಿತ್ತು. ಊರಿಗೆ, ಜಾತ್ರೆಗೆ ಹೋಗಿ ಬಂದ ಮೇಲೆ ಮತ್ತೆ ಶುರು.

ಮತ್ತೆ ಶುರುವಾದರೆ ಮೊದಲಿನಿಂದ ಎಲ್ಲ ಕಲಿಸಬೇಕಾಗಿಲ್ಲ. ಬೇಗ ಗುರುತಿಸಿದರೆ ವಾರ ಹತ್ತು ದಿನದಲ್ಲಿ ತಹಬಂದಿಗೆ ಬರುತ್ತೆ. ಪ್ರಯಾಣ, ಜ್ವರ, ಪರೀಕ್ಷೆ, ಬೇಸಿಗೆ ರಜೆ, ಇವೇ ಜಾರುವ ಜಾಗಗಳು. ಔಷಧಿ ನಿಲ್ಲಿಸಿದ ಮೇಲೂ ಇಂಥ ಹೊತ್ತಿಗೆ ಏನು ಮಾಡಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ ಬರೆಸಿಟ್ಟುಕೊಳ್ಳಿ. ಊರಿಗೆ ಹೊರಟಾಗ ಮಕ್ಕಳ ಸೀಟನ್ನೋ ಪಾಟಿಯನ್ನೋ ಜೊತೆಗೆ ತಗೊಳ್ಳಿ, ಭಾರ ಅನ್ನಿಸಿದರೂ ತಗೊಳ್ಳಿ. ಮದುವೆ ಮನೆಯಲ್ಲೂ ತಿಂಡಿ ಆದ ಮೇಲಿನ ಐದು ನಿಮಿಷ ತಪ್ಪಿಸಬೇಡಿ. ನಾನು ಕ್ಯಾಲೆಂಡರಿನಲ್ಲಿ ಹೋದ ದಿನಕ್ಕೆ ಒಂದು ಚುಕ್ಕೆ, ಗಟ್ಟಿ ಬಂದ ದಿನಕ್ಕೆ ಚುಕ್ಕೆಯ ಸುತ್ತ ಒಂದು ಸುತ್ತು ಹಾಕುತ್ತಿದ್ದೆ. ಎರಡು ಸುತ್ತು ಒಟ್ಟಿಗೆ ಬಂದರೆ ಅಂದೇ ಡಾಕ್ಟರಿಗೆ ಫೋನ್.